ಗೋಡೆ ಕಡೆ ಒಂಚೂರು ವಾಲಿ

ಮಾರ್ಚ್ 4, ಬುಧವಾರ

ಹೆಂಡತಿ ಐದು ವಾರದ ಸೇತುವೆ ಕೆಲಸಕ್ಕೆ ಹೊರಟುಹೋದಳು. ಅವಳು ಇಂಜಿನಿಯರು, ನದಿ ಎಲ್ಲಿ ಅಗಲವೋ ಅಲ್ಲಿಗೆ ಅವಳನ್ನು ಕರೆಯುತ್ತಾರೆ. ನಾನು ಸೂಟ್‌ಕೇಸು ಹಿಡಿದು ಅವಳ ಅಪ್ಪನ ಮನೆಗೆ ಬಂದೆ. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ, ಊರಿನ ಅರ್ಧ ಜನರ ಹಲ್ಲು ಕಿತ್ತಾದ ಮೇಲೆ, ಮನೆ ಅಳಿಯನಾಗುವ ಯೋಗ. ದೂರು ಹೇಳಿಕೊಳ್ಳೋಣವೆಂದರೆ ಮನೆಯಲ್ಲಿರುವ ಇನ್ನೊಬ್ಬರ ಮೇಲೇ ದೂರು. ಅದಕ್ಕೆ ಕ್ಲಿನಿಕ್ಕಿನ ಹಳೇ ಡೈರಿಯೊಂದನ್ನು ತಂದಿಟ್ಟುಕೊಂಡಿದ್ದೇನೆ.

ಮಾವನವರು ಫೆರಿಯ ಎಂಜಿನ್ ಕೋಣೆಯಲ್ಲಿ ಮೂವತ್ತಾರು ವರ್ಷ ದುಡಿದವರು. ಆ ಸದ್ದು ಎಷ್ಟು ಸಾಕಾಗಿತ್ತೆಂದರೆ, ನಿವೃತ್ತಿಯಾದ ಮಾರನೆಯ ದಿನವೇ ಹೋಗಿ ಎಂಜಿನ್ನೇ ಇಲ್ಲದ ಇಪ್ಪತ್ತು ಅಡಿಯ ಮರದ ಹಾಯಿದೋಣಿ ಕೊಂಡರು. ಅತ್ತೆ ತೀರಿಕೊಂಡ ಮೇಲೆ ಅದೇ ಅವರ ಸಂಸಾರ. ಈಗ ಎಪ್ಪತ್ತಾರು. ಎರಡೂ ಕಣ್ಣಿನ ನರ ಸೋತಿದೆ. ಕೊಳವೆಯೊಳಗಿಂದ ನೋಡಿದ ಹಾಗೆ ಕಾಣುತ್ತಿರಬೇಕು, ಅದೂ ಮಸುಕಾಗಿ ಎಂದು ಕಣ್ಣಿನ ಡಾಕ್ಟರು ನಮಗೆ ಹೇಳಿದ್ದಾರೆ. ಮಾವನವರು ಮಾತ್ರ ಈ ವಿಷಯ ತಮ್ಮ ಕಿವಿಗೇ ಬಿದ್ದಿಲ್ಲವೆಂಬಂತೆ ಇದ್ದಾರೆ. ಈಗಲೂ ದೋಣಿ ತೆಗೆದುಕೊಂಡು ಒಬ್ಬರೇ ಹೋಗುತ್ತಾರೆ.

ಹೊರಡುವಾಗ ಹೆಂಡತಿ ನನಗೆ ಕೊಟ್ಟ ಕೆಲಸ ಒಂದೇ: ಅಪ್ಪನ ಕೈಯಿಂದ ಆ ದೋಣಿ ಬಿಡಿಸಬೇಕು. ಅವರಿಗೆ ನೋವಾಗದ ಹಾಗೆ. ಹಲ್ಲು ಕೀಳುವವನಿಗೆ ಇಂಥ ಕೆಲಸ ಸುಲಭವೆಂದು ಅವಳ ಲೆಕ್ಕ. ಆದರೆ ಹಲ್ಲು ಕೀಳುವಾಗ ಮರಗಟ್ಟಿಸುವ ಸೂಜಿಯಾದರೂ ಇರುತ್ತದೆ.

"ಡಾಕ್ಟ್ರೇ, ಚಹಾಕ್ಕೆ ಸಕ್ಕರೆ ಎಷ್ಟು ಹಾಕ್ತೀರಿ?" ಎಂದು ಕೇಳಿದರು. ಹತ್ತೊಂಬತ್ತು ವರ್ಷದಿಂದ ಇದನ್ನೇ ಕೇಳುತ್ತಿದ್ದಾರೆ. ಹತ್ತೊಂಬತ್ತು ವರ್ಷದಿಂದ ನಾನು ಸಕ್ಕರೆ ಬೇಡವೆನ್ನುತ್ತಿದ್ದೇನೆ.

ಮಾರ್ಚ್ 7, ಶನಿವಾರ

ದಾರಿ ತಾನಾಗಿ ತೆರೆಯಿತು. ದೋಣಿಯ ತಳಕ್ಕೆ ಚಿಪ್ಪು ಹಿಡಿದಿದೆ, ಪಾಚಿ ಬೆಳೆದಿದೆ, ಎಮ್ಮೆಯಂತೆ ನಡೆಯುತ್ತಿದೆ ಎಂದು ಮಾವನವರೇ ಹೇಳಿದರು. ದಡಕ್ಕೆ ಎಳೆಯುವ ಯಂತ್ರ ಇಲ್ಲಿಲ್ಲ. ಉಬ್ಬರವಿದ್ದಾಗ ಧಕ್ಕೆಯ, ಅಂದರೆ ದೋಣಿ ಕಟ್ಟುವ ಕಟ್ಟೆಯ, ಗೋಡೆಗೆ ಒರಗಿಸಿ ಕಟ್ಟಿದರೆ, ನೀರು ಇಳಿದ ಮೇಲೆ ದೋಣಿ ನೆಲದ ಮೇಲೆ ನಿಲ್ಲುತ್ತದೆ. ಮತ್ತೆ ನೀರು ಬರುವುದರೊಳಗೆ ತಳ ಕೆರೆದು ಬಣ್ಣ ಬಳಿಯಬೇಕು. ಸುಮಾರು ಆರು ಗಂಟೆ ಸಮಯ.

ನಾನು ಸಹಾಯ ಮಾಡುತ್ತೇನೆಂದೆ. ಅವರು ನನ್ನ ಕೈ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿ, ಪರವಾಗಿಲ್ಲವೆಂದರು.

ಹೆಂಡತಿಗೆ ಫೋನ್ ಮಾಡಿದೆ. ಅವಳು ಖುಷಿಪಟ್ಟಳು. ಹಳೇ ಮರ, ತಳದಲ್ಲಿ ಕೊಳೆತದ್ದು ಏನಾದರೊಂದು ಸಿಕ್ಕೇ ಸಿಗುತ್ತದೆ. ಸಿಕ್ಕಿದ್ದನ್ನು ನಾಲ್ಕು ಪಟ್ಟು ಮಾಡಿ ಹೇಳಬೇಕು. ಅಪ್ಪ ಮರದ ಮಾತಾದರೆ ನಂಬುತ್ತಾರೆ, ಡಾಕ್ಟರ ಮಾತಾದರೆ ನಂಬುವುದಿಲ್ಲ ಎಂದಳು. ಗಂಡನೇ ಡಾಕ್ಟರೆಂಬುದು ಅವಳಿಗೆ ನೆನಪಿದ್ದಂತಿರಲಿಲ್ಲ.

ಮಾರ್ಚ್ 8, ಭಾನುವಾರ

ಇಪ್ಪತ್ತೆರಡನೇ ತಾರೀಕು ಭಾನುವಾರ ನನಗೆ ಅನುಕೂಲ, ಅವತ್ತೇ ಮಾಡೋಣ ಎಂದೆ. ಅಮಾವಾಸ್ಯೆ ಕಳೆದು ಮೂರೇ ದಿನ, ನೀರೂ ಜೋರಾಗಿರುತ್ತದೆ. ವಿಷಯ ಓದಿಕೊಂಡೇ ಹೋಗಿದ್ದೆ.

ಮಾವನವರು ಉಬ್ಬರ-ಇಳಿತದ ಪಟ್ಟಿಯನ್ನು ನನ್ನ ಮುಂದಿಟ್ಟು, ಓದಿ ನೋಡಿ, ನಿಮಗೆ ಅರ್ಥವಾಗುತ್ತದೋ ಇಲ್ಲವೋ ನೋಡೋಣ ಎಂದರು. ಪರೀಕ್ಷೆ ಮಾಡುತ್ತಿದ್ದಾರೆಂದು ನಾನು ಸ್ಪಷ್ಟವಾಗಿ ಓದಿದೆ. ಪುಟ ಮುಗಿಯುವವರೆಗೂ ಕಣ್ಣು ಮುಚ್ಚಿ ಕೇಳಿದರು. ಈಗ ಹೊಳೆಯುತ್ತಿದೆ, ಅವರಿಗೆ ಬೇಕಾಗಿದ್ದದ್ದು ಓದುವವನು.

"ಸಮುದ್ರಕ್ಕೆ ಭಾನುವಾರ ಗೊತ್ತಿಲ್ಲ ಡಾಕ್ಟ್ರೇ," ಅಂದರು. "ಇಪ್ಪತ್ತೊಂದಕ್ಕೆ ನೀರು ತುತ್ತತುದಿ. ಆಮೇಲೆ ದಿನಾ ಇಳೀತಾ ಹೋಗುತ್ತೆ. ಇಪ್ಪತ್ತೆರಡಕ್ಕೆ ಬೆಳಿಗ್ಗೆ ನಿಲ್ಲಿಸಿದ್ರೆ, ಸಂಜೆ ಬರೋ ನೀರು ಬೆಳಗಿನಷ್ಟು ಎತ್ತರ ಬರಲ್ಲ. ದೋಣಿ ಅಲ್ಲೇ ನಿಂತಿರುತ್ತೆ. ಹದಿನೈದು ದಿನ ನೀವೇ ಹೋಗಿ ಕಾಯ್ತೀರಾ?"

ನೀರು ದಿನದಿಂದ ದಿನಕ್ಕೆ ಏರುತ್ತಿರುವಾಗಲೇ ನಿಲ್ಲಿಸಬೇಕಂತೆ. ಆಗ ಮುಂದಿನ ಉಬ್ಬರ ಹಿಂದಿನದಕ್ಕಿಂತ ಒಂದು ಬೆರಳಾದರೂ ಮೇಲೆ ಬಂದು ದೋಣಿಯನ್ನು ಎತ್ತಿಯೇ ಎತ್ತುತ್ತದೆ. ಹದಿನೆಂಟು, ಬುಧವಾರ ಎಂದು ತೀರ್ಪಾಯಿತು.

ಬುಧವಾರ ನನ್ನ ಕ್ಲಿನಿಕ್ಕು ತುಂಬಿರುತ್ತದೆ.

ಮಾರ್ಚ್ 12, ಗುರುವಾರ

ಹದಿನೆಂಟರ ರೋಗಿಗಳನ್ನೆಲ್ಲ ಮುಂದಕ್ಕೆ ಹಾಕಲು ಸಿಸ್ಟರಿಗೆ ಹೇಳಿದೆ. ಕ್ಲಿನಿಕ್ಕನ್ನು ನಿಜವಾಗಿ ನಡೆಸುವವರು ಅವರೇ. ನಾನು ಬಾಯಿಗೆ ಬೆರಳು ಹಾಕುವವನು ಮಾತ್ರ. ಕಾರಣ ಏನಂತ ಹೇಳಲಿ ಎಂದು ಕೇಳಿದರು. ಕುಟುಂಬದ ಕೆಲಸ ಎಂದೆ. ಒಬ್ಬ ರೋಗಿಗೆ ಫೋನಿನಲ್ಲಿ ಅವರು ಹೇಳಿದ್ದು ಗೋಡೆಯಾಚೆಯಿಂದ ಕೇಳಿಸಿತು: "ಡಾಕ್ಟರ ಮಾವ ಅವರನ್ನ ಕೆಸರಲ್ಲಿ ನಿಲ್ಲಿಸ್ತಾರಂತೆ."

ಮಾರ್ಚ್ 17, ಮಂಗಳವಾರ

ಮಧ್ಯಾಹ್ನ ಇಳಿತದ ಹೊತ್ತಿಗೆ ಜಾಗ ನೋಡಲು ಹೋದೆವು. ಧಕ್ಕೆ ನೋಡಿಕೊಳ್ಳುವ ಹೆಂಗಸಿಗೆ ಎಲ್ಲರೂ ಕೊಕ್ಕರೆ ಎನ್ನುತ್ತಾರೆ. ಉದ್ದ ಕಾಲು, ಉದ್ದ ಕುತ್ತಿಗೆ, ಯಾವಾಗಲೂ ನೀರಿನಂಚಿನಲ್ಲಿ ಒಬ್ಬಳೇ ನಿಂತಿರುತ್ತಾಳೆ. ಹೆಸರಿಟ್ಟವರನ್ನು ದೂಷಿಸುವಂತಿಲ್ಲ.

ಗೋಡೆಯ ಬುಡದಲ್ಲಿ ನೆಲ ಗಟ್ಟಿಯೋ ಮೆತ್ತಗೋ ಎಂದು ಬರಿಗಾಲಲ್ಲಿ ನಡೆದು ನೋಡಬೇಕೆಂದು ಮಾವನವರ ಆಜ್ಞೆ. ಬೂಟು ಹಾಕಿಕೊಂಡರೆ ನೆಲದ ಮಾತು ಕೇಳಿಸುವುದಿಲ್ಲವಂತೆ. ಇಪ್ಪತ್ತೈದು ಅಡಿ ಉದ್ದ, ಆರು ಅಡಿ ಅಗಲ, ಒಂದು ಗೇಣೂ ಬಿಡದೆ ತುಳಿದೆ. ಅವರು ಮೇಲೆ ಕೂತು ಬಿದಿರು ಕೋಲಿನಿಂದ ಅಲ್ಲಿ, ಇಲ್ಲಿ ಎಂದು ತೋರಿಸಿದರು. ನಡುವೆ ನನ್ನ ಹಿಮ್ಮಡಿಗೆ ಏನೋ ಚುಚ್ಚಿತು. ಅಗೆದು ನೋಡಿದರೆ ಒಂದು ಹಳೇ ಕಬ್ಬಿಣದ ಮಂಚದ ಕಾಲು, ನೆಟ್ಟಗೆ ಮೇಲ್ಮುಖವಾಗಿ ನಿಂತಿದೆ. ಅದರ ಮೇಲೆ ದೋಣಿ ಕೂತಿದ್ದರೆ ತಳ ಸೀಳಿಹೋಗುತ್ತಿತ್ತು. ಕೊಕ್ಕರೆಯೂ ನಾನೂ ಅರ್ಧ ಗಂಟೆ ಎಳೆದು ಕಿತ್ತೆವು. ನನ್ನ ವೃತ್ತಿಯಲ್ಲಿ ಇಷ್ಟು ಆಳದ ಬೇರನ್ನು ಕಂಡಿರಲಿಲ್ಲ.

ಕಾಲಿಗೆ ಬ್ಯಾಂಡೇಜು ಸುತ್ತಿಕೊಳ್ಳುವಾಗ ಮಾವನವರು ಚಹಾ ತಂದರು. ಸಕ್ಕರೆ ಎಷ್ಟೆಂದು ಇವತ್ತು ಕೇಳಲಿಲ್ಲ. ನೋವಿಗೆ ಒಳ್ಳೆಯದೆಂದು ತಾವೇ ಮೂರು ಚಮಚ ಹಾಕಿದರು. ಕುಡಿದೆ.

ಮಾರ್ಚ್ 18, ಬುಧವಾರ

ಏನೇ ಆಗಲಿ, ಇವತ್ತಿನದನ್ನು ಬರೆದೇ ಮಲಗುತ್ತೇನೆ.

ಬೆಳಿಗ್ಗೆ ಏಳೂವರೆಗೆ, ನೀರು ತುದಿಗೆ ಬಂದ ಹೊತ್ತಿಗೆ, ದೋಣಿಯನ್ನು ಗೋಡೆಗೆ ತಂದೆವು. ನಡುವೆ ಹಳೇ ಟೈರುಗಳನ್ನು ತೂಗುಹಾಕಿದ್ದೆವು. ಗೋಡೆಯ ಕಡೆಯ ಅಂಚಿನ ಮೇಲೆ ನಾಲ್ಕು ನೀರಿನ ಕ್ಯಾನು ಇಡಿಸಿದರು. ತೂಕ ಆ ಕಡೆ ಇದ್ದರೆ ದೋಣಿ ಗೋಡೆಯ ಕಡೆ ಒಂಚೂರು ವಾಲಿ ನಿಲ್ಲುತ್ತದೆ. ಒಂಚೂರು ಮಾತ್ರ. ಜಾಸ್ತಿ ವಾಲಿದರೆ ಹಾಯಿಕಂಬ ಗೋಡೆಗೆ ಬಡಿಯುತ್ತದೆ. ನೆಟ್ಟಗೆ ನಿಂತರೆ ಯಾವಾಗ ಆಚೆ ಮಗುಚುತ್ತದೋ ಹೇಳಲಾಗದು. ಮಗುಚಿದರೆ ತಳದ ಕೆಳಗೆ ಇರುವವನು ನಾನು. ಕಂಬದ ನಡುವಿನಿಂದ ಗೋಡೆಯ ಕಬ್ಬಿಣದ ಬಳೆಗೆ ಇನ್ನೊಂದು ಹಗ್ಗ, ಕೊನೆಯ ನಂಬಿಕೆಗೆ.

ಮುಂದೆ ಹಿಂದೆ ಉದ್ದ ಹಗ್ಗ ಕಟ್ಟಿಸಿದ್ದರು. ಇದು ಸಾಲದೆಂದು ನಾನು ನಡುವೆ ಒಂದು ಗಿಡ್ಡ ಹಗ್ಗ ಬಿಗಿಯಾಗಿ ಕಟ್ಟಿದೆ, ಸ್ವಂತ ಬುದ್ಧಿಯಿಂದ. ನೀರು ಇಳಿಯತೊಡಗಿತು. ನಾನು ಬ್ರೆಡ್ಡು ತಿನ್ನುತ್ತಾ ಕೂತಿದ್ದೆ. ಮಾವನವರು ಇದ್ದಕ್ಕಿದ್ದಂತೆ ತಲೆಯೆತ್ತಿದರು.

"ಯಾವುದೋ ಹಗ್ಗ ನರಳ್ತಿದೆ," ಅಂದರು. "ನಡುವೇದು. ಯಾರು ಕಟ್ಟಿದ್ದು?"

ಯಾರು ಕಟ್ಟಿದ್ದೆಂದು ಚರ್ಚಿಸುವ ಹೊತ್ತಾಗಿರಲಿಲ್ಲ. ದೋಣಿ ನೀರಿನ ಜೊತೆ ಕೆಳಗಿಳಿಯಲಾರದೆ ಆ ಹಗ್ಗಕ್ಕೆ ನೇತಾಡುತ್ತಿತ್ತು. ಗಂಟು ಕಲ್ಲಾಗಿತ್ತು. ಬ್ರೆಡ್ಡು ಬಿಸಾಕಿ, ಚಾಕು ಹಾಕಿ ಕೊಯ್ದೆ. ದೋಣಿ ಒಮ್ಮೆ ಧೊಪ್ಪೆಂದು ಕೂತು, ಅಲ್ಲಾಡಿ, ಗೋಡೆಗೆ ಒರಗಿತು. ಸ್ವಲ್ಪ ಹೊತ್ತಿನ ಮೇಲೆ ಕೆಳಗೆ ಕರ್ ಕರ್ ಎಂದಿತು. ನೆಲ ಸಿಕ್ಕಿತ್ತು.

"ಇನ್ನೊಂದ್ಸಲ ತಲೆ ಓಡಿಸೋ ಮುಂಚೆ ನನ್ನನ್ನ ಕೇಳು," ಅಂದರು.

ಕೇಳು. ಕೇಳಿ ಅಲ್ಲ. ಗಾಬರಿಯಲ್ಲಿ ಬಾಯಿ ತಪ್ಪಿರಬೇಕು.

ಹತ್ತೂವರೆಗೆ ಕೆಳಗಿಳಿದೆ. ದೋಣಿಯ ತಳವನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಬಾಯಿ ತೆರೆದು ಕೂತ ಮುದುಕನ ಹಾಗಿತ್ತು. ಸಾಲುಸಾಲು ಚಿಪ್ಪು, ನಡುವೆ ಹಸಿರು ಪಾಚಿ. ಇಂಥ ಕಿಟ್ಟ ನೋಡಿದರೆ ನನ್ನ ಕೈ ಸುಮ್ಮನಿರುವುದಿಲ್ಲ. ಪಾಚಿ ಒಣಗುವ ಮುಂಚೆ ಉಜ್ಜಿದೆ, ಚಿಪ್ಪನ್ನು ಮರಕ್ಕೆ ಗೀರು ಬೀಳದಂತೆ ಬುಡದಿಂದ ಎಬ್ಬಿಸಿದೆ. ಮಾವನವರು ನನ್ನ ಹಿಂದೆಯೇ ಅಂಗೈಯಿಂದ ಹಲಗೆ ಸವರುತ್ತಾ ಬಂದರು. ಒಂದು ಕಡೆ ನಿಂತು, ಇಲ್ಲೊಂದು ಉಳಿಸಿದ್ದೀಯ ಎಂದರು. ಹೌದು, ಅಕ್ಕಿಕಾಳಿನಷ್ಟು. ಅವರಿಗೆ ಸಿಗದಂತೆ ಕೆರೆಯಬೇಕೆಂದು ನನಗೆ ಹಟ ಬಂತು. ಎರಡೂವರೆಗೆ ಮುಗಿದಾಗ ತಳ ಹಾಲುಹಲ್ಲಿನಂತೆ ನುಣುಪಾಗಿತ್ತು.

ಆಮೇಲೆ ಅದು ಸಿಕ್ಕಿತು. ಹಿಂಬದಿಯಲ್ಲಿ, ಚುಕ್ಕಾಣಿಯ ಹತ್ತಿರ, ನೆಲದಿಂದ ಒಂದು ಮೊಳ ಮೇಲೆ, ಮರದ ಬಣ್ಣ ಸ್ವಲ್ಪ ಬೇರೆ. ಕ್ಲಿನಿಕ್ಕಿನಿಂದ ಹಲ್ಲು ಕೆದಕಿ ನೋಡುವ ಒಂದು ಸವೆದ ಕೊಕ್ಕೆ ಜೇಬಿನಲ್ಲಿ ತಂದಿದ್ದೆ. ಒತ್ತಿದೆ. ಮರ ಮೆತ್ತಗಿತ್ತು. ಹುಳುಕನ್ನು ಅರ್ಧಕ್ಕೆ ಬಿಟ್ಟು ಅಭ್ಯಾಸವಿಲ್ಲ, ಕೆದಕುತ್ತಾ ಹೋದೆ. ಇದ್ದಕ್ಕಿದ್ದಂತೆ ಕೊಕ್ಕೆ ಒಳಗೆ ಹೋಯಿತು, ಒಳಗಿನ ಕಂದು ನೀರು ನನ್ನ ಮುಖದ ಮೇಲೆ ಸುರಿಯಿತು.

ಅಪ್ಪನ ಮನಸ್ಸು ತಿರುಗಿಸಲು ಹೆಂಡತಿ ಕೇಳಿದ್ದ ಕಾರಣ, ಕೈಗೇ ಸಿಕ್ಕಿತ್ತು. ನಾಲ್ಕು ಪಟ್ಟು ಮಾಡುವ ಅಗತ್ಯವೂ ಇರಲಿಲ್ಲ.

ಮಾವನವರು ತೊಟ್ಟಿಕ್ಕುವ ಸದ್ದು ಕೇಳಿ ಬಂದರು. ಟಾರ್ಚು ಹಾಕಿದರು. ಬೆಳಕು ತೂತಿನಿಂದ ಒಂದು ಗೇಣು ಆಚೆ ಬಿತ್ತು. ಸ್ವಲ್ಪ ಈಚೆ ಹಿಡಿಯಿರಿ ಎಂದೆ. ಬೆಳಕು ಇನ್ನೂ ಆಚೆ ಹೋಯಿತು. ಮತ್ತೆ ಹೇಳಿದೆ. ಅವರು ಟಾರ್ಚು ಆರಿಸಿ, ಒದ್ದೆ ಮರಳಿನ ಮೇಲೆ ನನ್ನ ಪಕ್ಕದಲ್ಲಿ ಕೂತುಬಿಟ್ಟರು.

"ಕಾಣಿಸ್ತಿಲ್ಲ ಕಣಯ್ಯ," ಅಂದರು. "ಎರಡು ವರ್ಷ ಆಯ್ತು. ದಾರಿ ಗೊತ್ತು, ಗಾಳಿ ಗೊತ್ತು, ಅದರ ಮೇಲೇ ಓಡಿಸ್ತಿದ್ದೆ. ಹೋದ ತಿಂಗಳು ಒಂದು ಬಲೆ ದೋಣಿ ನನ್ನ ಪಕ್ಕದಲ್ಲೇ ಹಾದುಹೋಯ್ತು. ಅವರು ಬೈದ ಮೇಲೇ ಗೊತ್ತಾಗಿದ್ದು."

ಕೊಕ್ಕೆ ಒರೆಸುತ್ತಾ ಕೂತೆ.

"ನೀನು ನೋಡಿ ಹೇಳು," ಅಂದರು. "ಕೀಳಬೇಕಾ, ತುಂಬಿಸಬಹುದಾ?"

ಕೀಳಬೇಕು ಎಂದಿದ್ದರೆ ಮುಗಿಯುತ್ತಿತ್ತು. ತೂತಿನ ಸುತ್ತ ನಾಲ್ಕೂ ಕಡೆ ಕೊಕ್ಕೆ ಒತ್ತಿ ನೋಡಿದೆ. ಮರ ಕಬ್ಬಿಣದಂತಿತ್ತು. ಹುಳುಕು ಅಷ್ಟೇ, ಹೆಬ್ಬೆರಳು ತೂರುವಷ್ಟು. ಇಂಥ ವಿಷಯದಲ್ಲಿ ಸುಳ್ಳು ಹೇಳಿ ನನಗೆ ರೂಢಿಯಿಲ್ಲ. ಕಾರಣ ಅದೊಂದೇ, ಬೇರೇನೂ ಇಲ್ಲ.

"ತುಂಬಿಸಬಹುದು," ಅಂದೆ.

ಆಗ ಗಂಟೆ ಮೂರೂಕಾಲು. ನಾಲ್ಕೂವರೆಗೆ ನೀರು ಅಲ್ಲಿಗೆ ಬರುತ್ತಿತ್ತು. ತೂತು ಹಾಗೇ ಇದ್ದರೆ ದೋಣಿ ತೇಲುವ ಬದಲು ತುಂಬಿಕೊಳ್ಳುತ್ತಿತ್ತು. ಕೊಕ್ಕರೆ ತನ್ನ ಕೋಣೆಯಿಂದ ತಾಮ್ರದ ತಗಡು, ಮೊಳೆ, ಡಾಂಬರಿನ ಡಬ್ಬಿ, ಒಂದು ತುಂಡು ಒಳ್ಳೇ ಮರ ತಂದುಕೊಟ್ಟಳು. ಮಾವನವರು ಆ ಮರವನ್ನು ಬೆಣೆಯಾಗಿ ಕೆತ್ತಿದರು, ಕಣ್ಣಿಲ್ಲದೆ, ಬೆರಳಿನಿಂದ ಅಳೆದು ಅಳೆದು. ತೂತಿನ ಆಕಾರವನ್ನು ನಾನು ಹೇಳುತ್ತಾ ಹೋದೆ. ಮೂರು ಸಲ ಹಾಕಿ ನೋಡಿದೆ, ಮೂರು ಸಲ ವಾಪಸ್ಸು ಕೊಟ್ಟೆ. ನಾಲ್ಕನೆಯ ಸಲ ಬಟ್ಟೆ ಸುತ್ತಿ ಬಡಿದಾಗ ಕಚ್ಚಿಕೊಂಡಿತು. ಅದರ ಮೇಲೆ ಡಾಂಬರಿನಲ್ಲಿ ಅದ್ದಿದ ದಪ್ಪ ಬಟ್ಟೆ, ಅದರ ಮೇಲೆ ತಗಡು, ಸುತ್ತ ಒತ್ತೊತ್ತಾಗಿ ಮೊಳೆ. ಕೊನೆಯ ಎಂಟು ಮೊಳೆಗಳನ್ನು ನೀರಿನಲ್ಲಿ ಮಲಗಿ ಹೊಡೆದೆ. ಕೊಕ್ಕರೆ ಉಳಿದ ಕಡೆಗೆಲ್ಲ ಬಣ್ಣ ಬಳಿದು ಮುಗಿಸಿದ್ದಳು.

"ಕೆಸರು ಕಣ್ಣಿಗೆ ಹೋಯ್ತೇನೋ?" ಎಂದು ಮಾವನವರು ಕೇಳಿದರು. ಏನೋ. ಹತ್ತೊಂಬತ್ತು ವರ್ಷದ ಮರ್ಯಾದೆ ಒಂದೇ ಇಳಿತದಲ್ಲಿ ಕೊಚ್ಚಿಹೋಯಿತು.

ಆಮೇಲೆ ಇಬ್ಬರೂ ದೋಣಿಯೊಳಗೆ ಮಂಡಿಯೂರಿ, ಆ ಹಲಗೆಯ ಮೇಲೆ ಅಂಗೈ ಇಟ್ಟುಕೊಂಡು ಕಾದೆವು. ಹೊರಗೆ ನೀರು ಏರುವ ಸದ್ದು. ಐದೂವರೆ. ಒಣಗಿತ್ತು. ಆರು. ಇನ್ನೂ ಒಣಗಿಯೇ ಇತ್ತು. ಆರೂಮುಕ್ಕಾಲಿಗೆ ದೋಣಿ ಒಮ್ಮೆ ಮೈಮುರಿದ ಹಾಗೆ ಅಲುಗಿ, ನೆಲ ಬಿಟ್ಟು ಮೇಲೆದ್ದಿತು. ಮಾವನವರ ಕೈ ನನ್ನ ಕೈ ಮೇಲಿತ್ತು. ಹಲಗೆಯೆಂದು ತಿಳಿದಿರಬೇಕು, ತುಂಬ ಹೊತ್ತು ತೆಗೆಯಲಿಲ್ಲ.

ಮಾರ್ಚ್ 19, ಗುರುವಾರ

ಸೊಂಟ ಹಿಡಿದಿದೆ. ಕಿವಿಯಲ್ಲಿ ಮರಳಿದೆಯೆಂದು ಸಿಸ್ಟರ್ ರೋಗಿಯ ಮುಂದೆಯೇ ಹೇಳಿದರು.

ಮಾವನವರ ಏಕವಚನ ರಾತ್ರಿ ಮಲಗಿ ಎದ್ದರೆ ಸರಿಹೋಗಬಹುದೆಂದುಕೊಂಡಿದ್ದೆ. "ಏಳಯ್ಯ, ಚಹಾ ಆರ್ತಿದೆ" ಎಂದೇ ಎಬ್ಬಿಸಿದರು. ಸರಿಹೋಗಿಲ್ಲ.

ಸಂಜೆ ಹೆಂಡತಿಗೆ ಫೋನ್. ತೂತು ಸಿಕ್ಕಿತು ಎಂದೆ. ಒಳ್ಳೆಯದಾಯಿತು ಎಂದಳು. ಮುಚ್ಚಿದೆ ಎಂದೆ. ನಿಮ್ಮನ್ನು ಕಳಿಸಿದ್ದು ಯಾತಕ್ಕೆ, ನೀವು ಮಾಡಿದ್ದೇನು, ನಾಳೆ ಅಪ್ಪ ಒಬ್ಬರೇ ಹೋಗಿ ಏನಾದರೂ ಆದರೆ ಯಾರು ಹೊಣೆ ಎಂದು ಕೇಳಿದಳು. ಕೇಳುವ ಹಕ್ಕು ಅವಳಿಗಿದೆ. ಆಗ ಕಣ್ಣಿನ ವಿಷಯ ಹೇಳಿದೆ.

"ಅವರ ಬಾಯಿಂದಲೇ ಹೇಳಿದ್ರಾ?" ಎಂದಳು. ಹೌದೆಂದೆ. "ನಾನು ಎಷ್ಟು ಸಲ ಕೇಳಿದ್ದೀನಿ ಗೊತ್ತಾ? ಪ್ರತಿ ಸಲ ಚೆನ್ನಾಗಿ ಕಾಣ್ಸುತ್ತೆ ಅಂತಾನೇ ಅಂದ್ರು."

ಅವಳು ಅಳುತ್ತಿದ್ದಳೋ ಏನೋ. ತಗಡಿಗೆ ಮೂವತ್ತೆರಡು ಮೊಳೆ ಹೊಡೆದೆ, ಬಾಯಿತುಂಬ ಹಲ್ಲಿನಷ್ಟೇ ಎಂದೆ. ಸ್ವಲ್ಪ ನಕ್ಕಳು.

ಮಾರ್ಚ್ 25, ಬುಧವಾರ

ತಗಡು ಸೋರುತ್ತಿದೆಯೋ ಎಂದು ದಿನಾ ಹೋಗಿ ನೋಡಬೇಕಾಗಿದೆ. ವೈದ್ಯನಾದವನ ಕರ್ತವ್ಯ. ಹೋದ ಮೇಲೆ ಬರಿಗೈಯಲ್ಲಿ ಬರಲು ಮಾವ ಬಿಡುವುದಿಲ್ಲ. ಹಾಯಿ ಬಿಚ್ಚು, ಮಡಚು, ಆ ಗಂಟಲ್ಲ, ಈ ಗಂಟು. ಬುಧವಾರ ಹೇಗೂ ರೋಗಿಗಳು ಕಡಿಮೆ, ಮಧ್ಯಾಹ್ನದ ಮೇಲೆ ಕ್ಲಿನಿಕ್ಕು ಮುಚ್ಚೋಣವೆಂದು ಸಿಸ್ಟರಿಗೆ ಹೇಳಿದೆ. ಅವರು ಬುಧವಾರದ ಪುಟವನ್ನೂ ನನ್ನನ್ನೂ ನೋಡಿ, ಆಯ್ತು ಸರ್ ಎಂದರು.

ಮನೆಗೆ ಬಂದ ಮೇಲೆ ಮಾವ ಹಾಯಿ, ಹಗ್ಗಗಳನ್ನಿಡುವ ದೋಣಿಯ ಪೆಟ್ಟಿಗೆಯ ಬೀಗದ ಕೈಯನ್ನು ತಮ್ಮ ಕುತ್ತಿಗೆಯಿಂದ ತೆಗೆದು ನನ್ನ ಲೋಟದ ಪಕ್ಕ ಇಟ್ಟರು.

"ಇನ್ನು ಒಬ್ಬನೇ ಹೋಗಲ್ಲ," ಅಂದರು. "ನಿನ್ನ ಹೆಂಡ್ತಿಗೆ ಹೇಳು. ನಾನೇ ಹೇಳಿದ್ರೆ ಗೆದ್ದೆ ಅಂದ್ಕೋತಾಳೆ."

ಏಪ್ರಿಲ್ 3, ಶುಕ್ರವಾರ

ಗಾಳಿ. ಎರಡು ಸಲ ಹಾಯಿಯ ಬುಡದ ಅಡ್ಡಮರ ತಿರುಗಿ ತಲೆಗೆ ಬಡಿಯಿತು. ಮಾವ ಎರಡೂ ಸಲ ಮೊದಲೇ ಬಗ್ಗಿದ್ದರು. ನನಗೆ ಕಣ್ಣಿದೆ, ಅವರಿಗೆ ಬುದ್ಧಿಯಿದೆ. ಇಬ್ಬರನ್ನೂ ಕೂಡಿಸಿದರೆ ಒಬ್ಬ ನಾವಿಕನಾಗುತ್ತಾನೆ ಎಂದು ಕೊಕ್ಕರೆ ಹೇಳಿದಳು. ಅವಳಿಗೆ ಒಂದು ಹಲ್ಲು ತುಂಬಿಸಿಕೊಡಬೇಕಿದೆ. ನೋಡೋಣ.

ಏಪ್ರಿಲ್ 12, ಭಾನುವಾರ

ಹೆಂಡತಿ ಮೊನ್ನೆ ಬಂದಳು. ಬಂದವಳೇ ನನ್ನ ಅಂಗೈ ನೋಡಿ, ಇದು ಯಾರ ಕೈ ಎಂದು ಕೇಳಿದಳು.

ಊಟದ ಮೇಜಿನಲ್ಲಿ ದೋಣಿಯ ಮಾತೆತ್ತಿದಳು. ಮಾರುವುದು ಒಳ್ಳೆಯದಲ್ಲವೇ ಎಂದು ಮೆಲ್ಲಗೆ ಕೇಳಿದಳು. ಮಾವ ತಟ್ಟೆಯಿಂದ ತಲೆಯೆತ್ತದೆ, ದೋಣಿ ತಮ್ಮದಲ್ಲ, ಎರಡು ವಾರದ ಹಿಂದೆಯೇ ಅಳಿಯನಿಗೆ ಕೊಟ್ಟಾಯಿತು, ಅವನನ್ನೇ ಕೇಳು ಎಂದರು. ನನಗೆ ಈ ವಿಷಯ ಗೊತ್ತಾದದ್ದು ಅಲ್ಲೇ. ಹೆಂಡತಿ ನನ್ನನ್ನು ನೋಡಿದಳು. ಅಪ್ಪನ ಕೈಯಿಂದ ದೋಣಿ ಬಿಡಿಸಿ ಅಂದೆಯಲ್ಲ, ಬಿಡಿಸಿದೆ ಎಂದೆ.

ಇವತ್ತು ಬೆಳಿಗ್ಗೆ ಮೂವರೂ ಹೋದೆವು. ಒಂದು ಗಂಟೆಯಲ್ಲಿ ವಾಪಸ್ಸು ಎಂದು ಹೆಂಡತಿಯ ಷರತ್ತು. ಚುಕ್ಕಾಣಿ ನನ್ನ ಕೈಯಲ್ಲಿ, ಅವಳು ಮುಂದೆ, ಮಾವ ನನ್ನ ಎದುರು ಗಾಳಿಗೆ ಕೆನ್ನೆ ಕೊಟ್ಟು ಕೂತಿದ್ದರು. ಸ್ವಲ್ಪ ಎಡಕ್ಕೆ, ಹಗ್ಗ ಸಡಿಲಿಸು, ಸಾಕು, ಇಷ್ಟೇ. ದೋಣಿ ಹಗುರವಾಗಿ ಓಡುತ್ತಿತ್ತು. ತಳ ಶುಚಿಯಾಗಿರುವುದು ಕೈಗೇ ತಿಳಿಯುತ್ತದೆ. ನಾನು ಅದನ್ನು ಹೆಂಡತಿಗೆ ವಿವರಿಸುತ್ತಿದ್ದೆ. ಕೊಲ್ಲಿಯ ಬಾಯಿ ದಾಟಿದ ಮೇಲೆ ಗಮನಿಸಿದೆ, ಬಹಳ ಹೊತ್ತಿನಿಂದ ಅಪ್ಪಣೆಗಳು ಬರುತ್ತಿಲ್ಲ. ಮಾವ ಗದ್ದ ಎದೆಗೆ ಇಳಿಬಿಟ್ಟು, ಬಾಯಿ ಅರೆ ತೆರೆದು, ನಿದ್ದೆ ಹೋಗಿದ್ದರು.

ಹೆಂಡತಿ ದೋಣಿಯ ಅಂಚು ಹಿಡಿದುಕೊಂಡು ಮೆಲ್ಲಗೆ ನನ್ನ ಹತ್ತಿರ ಬಂದಳು.

"ಅಪ್ಪ ದೋಣೀಲಿ ನಿದ್ದೆ ಮಾಡಿದ್ದನ್ನ ನಾನು ನೋಡೇ ಇಲ್ಲ," ಅಂದಳು. "ಅಮ್ಮ ಕೂಡ ನೋಡಿರಲಿಲ್ಲ."

ಒಂದು ಗಂಟೆ ಯಾವಾಗಲೋ ಕಳೆದಿತ್ತು. ತಿರುಗಿಸಬೇಕಿತ್ತು. ಆದರೆ ತಿರುಗಿಸಿದರೆ ಅಡ್ಡಮರ ಈ ಕಡೆಯಿಂದ ಆ ಕಡೆಗೆ ಬರುತ್ತದೆ, ಹಾಯಿ ಪಟಪಟ ಬಡಿಯುತ್ತದೆ, ಅವರಿಗೆ ಎಚ್ಚರವಾಗುತ್ತದೆ. ಅವಳನ್ನು ನೋಡಿದೆ. ಅವಳು ಬೇಡವೆಂದು ತಲೆಯಾಡಿಸಿದಳು. ನೇರ ಹೋದೆವು.